ಒಂದೇ ಒಂದು ಕಾದಂಬರಿ ಹೇಳ್ರಪ್ಪಾ!

ಕಿಟ್ಟಿ ಕೇಳಿದ್ದು ಇಷ್ಟೇ: “ಈಗಿನ ಕಾಲದ್ದು, ಓದಿದ್ರೆ ಮುಗಿಯುವಂಥದ್ದು, ಒಂದೇ ಒಂದು ಕಾದಂಬರಿ ಹೇಳ್ರಪ್ಪಾ.”

ಅವನ ಕಪಾಟಿನಲ್ಲಿ ಇರುವುದೆಲ್ಲ ವ್ಯಕ್ತಿತ್ವ ವಿಕಸನದ ಪುಸ್ತಕಗಳು. ಗೆಲ್ಲುವುದು ಹೇಗೆ, ಬೇಗ ಏಳುವುದು ಹೇಗೆ, ಜನರ ಮನಸ್ಸು ಗೆಲ್ಲುವುದು ಹೇಗೆ. ಅವನು ಗೆದ್ದಿದ್ದನ್ನಾಗಲಿ ಬೇಗ ಎದ್ದಿದ್ದನ್ನಾಗಲಿ ನಾವ್ಯಾರೂ ಕಂಡಿಲ್ಲ. ಆದರೂ ಪುಸ್ತಕ ಕೇಳಿಕೊಂಡು ಬಂದವನನ್ನು ಬರಿಗೈಲಿ ಕಳಿಸುವ ಗುಂಪಲ್ಲ ನಮ್ಮದು.

“ತೇಜಸ್ವಿಯವರ ‘ಕರ್ವಾಲೊ’ ಓದು,” ಎಂದ ರಮೇಶ. ಯಾರು ಯಾವ ಪುಸ್ತಕ ಕೇಳಿದರೂ ರಮೇಶನ ಉತ್ತರ ‘ಕರ್ವಾಲೊ’.

“ಅದು 1980ರದ್ದು ಮಾರಾಯ. ಅವನು ಕೇಳ್ತಿರೋದು ಈಗಿನದ್ದು,” ಎಂದೆ.

“ಅದರಲ್ಲಿ ಎಲ್ಲರೂ ಹುಡುಕಿಕೊಂಡು ಹೋಗೋ ಹಾರುವ ಓತಿ ಆಗಲೂ ಕೈಗೆ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ. ಇದಕ್ಕಿಂತ ಸಮಕಾಲೀನ ಇನ್ನೇನು ಬೇಕು?”

ಈ ವಾದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಅಷ್ಟರಲ್ಲಿ ಮೂರ್ತಿ ಗಂಟಲು ಸರಿಮಾಡಿಕೊಂಡ. ಮೂರ್ತಿ ಎಲ್ಲ ಪುಸ್ತಕಗಳನ್ನೂ ಓದಿದ್ದಾನೆ, ಬೆನ್ನುಡಿಯ ಮಟ್ಟಿಗೆ. “ಪ್ರಶಸ್ತಿ ಬಂದದ್ದು ಓದಬೇಕಪ್ಪ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’. ಎಂಥಾ ಕಾದಂಬರಿ!”

“ಅದು ಕಥಾ ಸಂಕಲನ ಕಣೋ,” ಎಂದಳು ಸುಮಾ. “ಆ ಬಹುಮಾನ ಒಂದು ಕಥಾ ಸಂಕಲನಕ್ಕೆ ಬಂದದ್ದೇ ಅದು ಮೊದಲ ಸಲ. ಅದಕ್ಕೇ ಅಷ್ಟು ಸುದ್ದಿಯಾಯ್ತು.”

“ಅದನ್ನೇ ನಾನು ಹೇಳಿದ್ದು,” ಎಂದ ಮೂರ್ತಿ. ಮೂರ್ತಿಯ ಇಂಥ ಗಟ್ಟಿತನ ನನಗೆ ಸುಮ್ನೆ ಇಷ್ಟ.

ನನ್ನ ಸರದಿ. ನನಗೆ ದಪ್ಪ ಪುಸ್ತಕಗಳ ಹುಚ್ಚು. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಎಂದೆ. 2019ರಲ್ಲಿ ಬಂದದ್ದು. ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್, ಇನ್ನೊಂದು ಕಡೆ ತುಂಗಭದ್ರೆಯ ವಿಜಯನಗರ. ಪ್ರೀತಿಸಿದ ಹುಡುಗಿಯನ್ನು ಅಲ್ಲಿ ಬಿಟ್ಟು ದುಡ್ಡು ಸಂಪಾದಿಸಲು ಹಡಗು ಹತ್ತುವ ಗೇಬ್ರಿಯಲ್, ಇಲ್ಲಿ ದೊರೆಗಾಗಿ ಪ್ರಾಣ ಒಪ್ಪಿಸುವ ಲೆಂಕರು... ನಾನು ಹಡಗು ಹತ್ತಿಸಿ ಅರ್ಧ ದಾರಿಗೂ ಬಂದಿರಲಿಲ್ಲ, ಕಿಟ್ಟಿ ತಡೆದ. “ಎಷ್ಟು ಪುಟ?”

“ನಾನೂರು ದಾಟುತ್ತೆ.”

“ನಾನು ಕೇಳಿದ್ದು ಮುಗಿಯುವಂಥದ್ದು.”

ರಮೇಶ ಈ ನಡುವೆ ‘ಕರ್ವಾಲೊ’ ಬಿಟ್ಟು ಸ್ವಲ್ಪ ಈಚೆಗೆ ಬಂದಿದ್ದ. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ ಅಂದ. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟ ಸಾರಸ್ವತರ ತಲೆಮಾರುಗಳ ಕಥೆ, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಯಾರು ಯಾರ ಮಗ ಅಂತ ಗೊತ್ತಾಗಲಿ ಎಂದು ಅವನು ವಂಶವೃಕ್ಷ ಬರೆದುಕೊಂಡು ಓದಿದನಂತೆ. ಸ್ವಂತ ಚಿಕ್ಕಪ್ಪಂದಿರು ಎಷ್ಟು ಜನ ಅಂತ ಕೇಳಿದರೆ ಇವನು ಬೆರಳು ಮಡಚಬೇಕು!

ಸಾಹಸ ಬೇಕಿದ್ದರೆ ಕೆ.ಎನ್. ಗಣೇಶಯ್ಯ ಎಂದೆ ನಾನು, ಸೋಲೊಪ್ಪದೆ. ‘ಕರಿಸಿರಿಯಾನ’ದಲ್ಲಿ ವಿಜಯನಗರ ಬಿದ್ದಾಗ ಆನೆಗಳ ಮೇಲೆ ಸಾಗಿಹೋದ ಸಂಪತ್ತಿನ ಬೆನ್ನು ಹತ್ತುತ್ತಾರೆ. ಬರೆದವರು ಕೃಷಿ ವಿಜ್ಞಾನಿ, ಹಾಗಾಗಿ ಆಧಾರ ಕೊಡದೆ ಬಿಡುವವರಲ್ಲ. ಓದುತ್ತಾ ಓದುತ್ತಾ ನಾವೇ ನಿಧಿ ಹುಡುಕಲು ಹೊರಟುಬಿಡಬಹುದು. “ಸಿಕ್ಕಿತಾ?” ಎಂದ ಕಿಟ್ಟಿ, ಮೊದಲ ಬಾರಿ ಆಸೆಯಿಂದ.

ಮೂರ್ತಿಯನ್ನು ತಿದ್ದಿದ ಮೇಲೆ ಸುಮಾ ಸುಮ್ಮನಿದ್ದಳು. ನಮ್ಮಲ್ಲಿ ನಿಜವಾಗಿ ಓದುವವಳು ಅವಳೊಬ್ಬಳೇ. ಅವಳು ಪ್ರಶಸ್ತಿ ಹೇಳುವುದಿಲ್ಲ, ಕಥೆಯನ್ನೂ ಹೇಳುವುದಿಲ್ಲ. ಯಾವುದೋ ಒಂದು ಜಾಗ ಹೇಳುತ್ತಾಳೆ, ಅಷ್ಟೇ.

“ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಒಂದು ಸಣ್ಣ ಮನೆ ಬರುತ್ತೆ. ಅಲ್ಲಿ ಇರುವೆಗಳ ಕಾಟ. ಮನೆಯವರಿಗೆ ಅವನ್ನ ಸಾಯಿಸೋದರಲ್ಲಿ ಬರ್ತಾ ಬರ್ತಾ ಒಂದು ಖುಷಿ ಹುಟ್ಟುತ್ತೆ. ಆಮೇಲೆ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತೆ, ದೊಡ್ಡ ಮನೆಗೆ ಹೋಗ್ತಾರೆ. ಇರುವೆ ಇಲ್ಲ. ಆದ್ರೆ ಆ ಖುಷಿ ಎಲ್ಲಿ ಹೋಯ್ತು ಅಂತ ನಿನಗೇ ಅನುಮಾನ ಶುರುವಾಗುತ್ತೆ.”

ಯಾರೂ ಮಾತಾಡಲಿಲ್ಲ. ಮೂರ್ತಿ ಕೂಡ.

“ಕೊನೆಗೆ ಏನಾಗುತ್ತೆ?” ಕಿಟ್ಟಿ ಕೇಳಿದ.

“ಅದನ್ನ ಹೇಳಿ ಕೆಡಿಸೋಕೇ ಆಗಲ್ಲ. ಓದಿದವರೇ ಇನ್ನೂ ಜಗಳ ಆಡ್ತಿದ್ದಾರೆ.”

“ನನ್ನ ಪ್ರಕಾರ...” ಎಂದು ಮೂರ್ತಿ ಶುರುಮಾಡಿದ. ಸುಮಾ ಅವನ ಕಡೆ ನೋಡಿದಳು. ಅಷ್ಟಕ್ಕೇ ನಿಲ್ಲಿಸಿದ. ಆ ಮಾಹಿತಿ ಬೆನ್ನುಡಿಯಲ್ಲಿ ಇಲ್ಲ.

ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಬಗ್ಗೆಯೂ ಹೀಗೇ ಒಂದು ಎಳೆ ಬಿಟ್ಟಳು. ಅಮೆರಿಕದ ಆಸ್ಪತ್ರೆ, ಕನ್ನಡದ ಡಾಕ್ಟರು, ಸಿಸೇರಿಯನ್ ಬೇಡವೇ ಬೇಡ ಎನ್ನುವ ವಲಸಿಗ ಗರ್ಭಿಣಿ. ಆದರೆ ಕಿಟ್ಟಿಗೆ ಆಸ್ಪತ್ರೆ ಅಂದರೆ ಪುಸ್ತಕದಲ್ಲೂ ಭಯ.

ಕೊನೆಗೆ ಅವಳು ಅವನ ಕೈಗೆ ಕೊಟ್ಟಿದ್ದು ಶಾನಭಾಗರದೇ ‘ಸಕೀನಾಳ ಮುತ್ತು’. 2021ರದ್ದು. ಯಾಕೆ ಅಂತ ಹೇಳಲಿಲ್ಲ.

ಎರಡು ದಿನ ಬಿಟ್ಟು ಕಿಟ್ಟಿ ಫೋನ್ ಮಾಡಿದ, ಸಂಭ್ರಮವೋ ಸಂಭ್ರಮ. “ಸುಮಾ, ಈ ವೆಂಕಟ ಥೇಟ್ ನನ್ನ ಹಾಗೇ ಕಣೇ! ವ್ಯಕ್ತಿತ್ವ ವಿಕಸನದ ಪುಸ್ತಕ ಓದ್ತಾನೆ. ಎಷ್ಟು ಒಳ್ಳೇ ಮನುಷ್ಯ. ಹೆಂಡತಿ ಮಗಳೇ ಪಾಪ ಅವನನ್ನ ಅರ್ಥ ಮಾಡ್ಕೊಳ್ಳಲ್ಲ.”

“ಒಳ್ಳೇ ಮನುಷ್ಯ ಅಂತ ಹೇಳ್ತಿರೋದು ಯಾರು?”

“ಯಾರು ಅಂದ್ರೆ? ಅವನೇ.”

“ಮುಂದೆ ಓದು.”

ಆಮೇಲೆ ಅವನ ಸದ್ದಿಲ್ಲ. ಮುಗಿಸಿದನೋ ಬಿಟ್ಟನೋ ಎಂದು ನಾನೇ ಫೋನ್ ಮಾಡಿದೆ. ಮುಗಿಸಿದ್ದ. ದನಿ ಸಣ್ಣಗಾಗಿತ್ತು. “ಪುಸ್ತಕ ಚೆನ್ನಾಗಿದೆ ಕಣೋ. ಈಗ ಅದನ್ನ ನನ್ನ ಹೆಂಡತಿ ಓದ್ತಿದ್ದಾಳೆ. ಆಗಾಗ ತಲೆ ಎತ್ತಿ ನನ್ನ ಮುಖ ನೋಡ್ತಾಳೆ, ಮತ್ತೆ ಓದ್ತಾಳೆ.”

“ಒಳ್ಳೇದೇ ಆಯ್ತಲ್ಲ.”

“ಆ ಲಿಸ್ಬನ್ ಕಾದಂಬರಿ ಇದೆಯಲ್ಲ, ದಪ್ಪದ್ದು? ಇವತ್ತೇ ಕಳಿಸು. ಅವಳಿಗೆ.”