ಸಹಾಯ ಬೇಕು: ಮಾನವ ಕಳ್ಳಸಾಗಣೆ ಕುರಿತ ಕಿರುಚಿತ್ರದ ಚಿತ್ರಕಥೆ ತಿದ್ದಿಕೊಡುವವರು

ಎಲ್ಲರಿಗೂ ವಂದನೆಗಳು. ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯ ಯುವಜನರು ಮಾನವ ಕಳ್ಳಸಾಗಣೆಯ ಬಗ್ಗೆ 20 ನಿಮಿಷಗಳ ಕಿರುಚಿತ್ರವೊಂದನ್ನು ಸಿದ್ಧಪಡಿಸುತ್ತಿದ್ದು, ಚಿತ್ರಕಥೆಯನ್ನು ಓದಿ ತಿದ್ದಿಕೊಡಬಲ್ಲ ವಕೀಲರು ಅಥವಾ ಮಕ್ಕಳ ರಕ್ಷಣೆಯಲ್ಲಿ ಅನುಭವವಿರುವ ಆಪ್ತಸಮಾಲೋಚಕರ ನೆರವು ಬೇಕಾಗಿದೆ.

ಕಥೆಯಲ್ಲಿ ಪರಿಚಯದವನೊಬ್ಬ ಜಗಳೂರು ಕಡೆಯ ಹದಿನೈದರ ಹುಡುಗಿಗೆ ಬೆಂಗಳೂರಿನಲ್ಲಿ ಮನೆಗೆಲಸ ಕೊಡಿಸುವುದಾಗಿ ಹೇಳಿ, ತಾಯಿಯ ಕೈಗೆ ಮುಂಗಡದ ನೋಟುಗಳನ್ನಿಟ್ಟು, ಹುಡುಗಿಯ ಆಧಾರ್ ಕಾರ್ಡನ್ನು ತನ್ನ ಅಂಗಿಯ ಜೇಬಿಗೆ ಇಳಿಸುತ್ತಾನೆ. ಇಲ್ಲಿಯವರೆಗೆ ಚೆನ್ನಾಗಿದೆ. ತೊಡಕಿರುವುದು ಕೊನೆಯಲ್ಲಿ: ಪಾಸ್ಟರ್ ಪ್ರಾರ್ಥಿಸಿದೊಡನೆ ಹುಡುಗಿ ಮನೆಗೆ ಮರಳುತ್ತಾಳೆ. ಪ್ರಾರ್ಥನೆಯಲ್ಲಿ ನನಗೆ ನಂಬಿಕೆಯಿದೆ (ಇಲ್ಲದಿದ್ದರೆ ಈ ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ). ಆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ, ಪೊಲೀಸ್ ದೂರು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವುದು ಇವನ್ನೆಲ್ಲ ಬಿಟ್ಟರೆ ಚಿತ್ರವು ನೋಡುವವರ ದಾರಿ ತಪ್ಪಿಸುತ್ತದೆ. ಸಂತ್ರಸ್ತರು ಒಪ್ಪಿಯೇ ಹೋಗಿದ್ದರೂ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಡಿ ಕಳ್ಳಸಾಗಣೆ ಅಪರಾಧವೇ ಎಂಬುದನ್ನು, ಭಾಷಣದಂತೆ ಕೇಳಿಸದ ಹಾಗೆ ಸಂಭಾಷಣೆಯಲ್ಲಿ ತರುವುದು ಹೇಗೆಂದು ನಮಗೆ ತಿಳಿಯುತ್ತಿಲ್ಲ.

ನಿಜವಾದ ಸಂತ್ರಸ್ತರ ಹೆಸರಾಗಲಿ ಮುಖವಾಗಲಿ ಚಿತ್ರದಲ್ಲಿ ಇರುವುದಿಲ್ಲ. ಸಂಭಾವನೆ ಕೊಡುವ ಶಕ್ತಿ ನಮಗಿಲ್ಲ. ಒಪ್ಪುವವರು ಯಾವ ಮತದವರಾದರೂ ಸರಿ, ದಯವಿಟ್ಟು ಇಲ್ಲಿಯೇ ತಿಳಿಸಿದರೆ ಚಿತ್ರಕಥೆಯ ಪ್ರತಿಯನ್ನು ತಲುಪಿಸುತ್ತೇನೆ.