ಬಜೆಟ್ ಪಾಸಾಯ್ತು, ಚರಂಡಿ ಯಾಕೆ ಆಗಲಿಲ್ಲ?

ಪ್ರಶ್ನೆ: ಸರ್, ನಗರಸಭೆಗೆ ಮೊದಲ ಸಲ ಗೆದ್ದು ಬಂದವಳು ನಾನು. ಮಾರ್ಚ್‌ನಲ್ಲಿ ಮಂಡಿಸಿದ ಬಜೆಟ್‌ನಲ್ಲಿ ನಮ್ಮ ವಾರ್ಡಿನ ಚರಂಡಿಗೆ 8 ಲಕ್ಷ ಇತ್ತು, ಮನೆಮನೆಗೂ ಹೇಳಿ ಬಂದೆ. ದಸರಾ ಮುಗಿದರೂ ಗುದ್ದಲಿ ಬಿದ್ದಿಲ್ಲ. ಕೇಳಿದರೆ ‘ಕ್ರಿಯಾ ಯೋಜನೆಯಲ್ಲಿ ಇಲ್ಲ ಮೇಡಂ’ ಅಂತಾರೆ, ಅಂದರೆ ಕೈಗೆತ್ತಿಕೊಳ್ಳುವ ಕೆಲಸಗಳ ಪಟ್ಟಿಯಲ್ಲಿ ಇಲ್ಲವಂತೆ. ಸಭೆ ಪಾಸು ಮಾಡಿದ್ದಕ್ಕೆ ಬೆಲೆಯೇ ಇಲ್ಲವಾ? ತಾವು ಲೆಕ್ಕ ಶಾಖೆಯಲ್ಲಿದ್ದವರು, ಹೇಳಿ.

ಉತ್ತರ (ನಿವೃತ್ತ ಲೆಕ್ಕ ಅಧೀಕ್ಷಕ): ಬೆಲೆ ಇದೆ ತಾಯಿ. ಆದರೆ ಬಜೆಟ್ ಅನ್ನುವುದು ಅಂದಾಜು. ಖರ್ಚಿಗೆ ಅನುಮತಿ ಕೊಡುತ್ತದೆ, ದುಡ್ಡು ತಂದುಕೊಡುವುದಿಲ್ಲ.

ನಗರಸಭೆಗೆ ಬರುವ ಹಣದ ಬಹುಪಾಲು ಹಣೆಬರಹ ಬರೆಸಿಕೊಂಡೇ ಬರುತ್ತದೆ. ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ವೇತನ ಅನುದಾನ ಸಂಬಳಕ್ಕೆ, ವಿದ್ಯುತ್ ಅನುದಾನ ಬೀದಿದೀಪ, ಪಂಪ್‌ಹೌಸ್ ಬಿಲ್ಲಿಗೆ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60 ನೀರು, ನೈರ್ಮಲ್ಯಕ್ಕೇ ಕಟ್ಟು. ಆಸ್ತಿ ತೆರಿಗೆ ಜತೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ನಮ್ಮದಲ್ಲ, ಆಯಾ ಇಲಾಖೆಗೆ ಕಟ್ಟಬೇಕು. ಉಳಿದ ಸ್ವಂತ ನಿಧಿಯಲ್ಲೂ (ತೆರಿಗೆ, ಬಾಡಿಗೆಯಿಂದ ನಗರಸಭೆಯೇ ಗಳಿಸಿದ ಹಣ) ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ತೆಗೆದಿಡಬೇಕು. ಇಡಲೇಬೇಕಾದ್ದು ಅದು; ಇಟ್ಟದ್ದು ಖರ್ಚಾಗದೆ ಕೊಳೆಯುವುದು ಬೇರೆ ಕಥೆ.

ನಿಮ್ಮ ಚರಂಡಿಯನ್ನು ಸ್ವಂತ ನಿಧಿಯ ಲೆಕ್ಕದಲ್ಲಿ ಬರೆದಿರುತ್ತಾರೆ. ಬಜೆಟ್ ದಿನ ಸದಸ್ಯರೆಲ್ಲ ಖರ್ಚಿನ ಹಾಳೆಯಲ್ಲಿ ತಮ್ಮ ವಾರ್ಡು ಹುಡುಕುತ್ತಾರೆ, ಜಮಾ ಹಾಳೆ ಯಾರೂ ತಿರುವುವುದಿಲ್ಲ. ಆಟ ಇರುವುದೇ ಅಲ್ಲಿ. ಹಳೇ ಬಾಕಿಯೆಲ್ಲ ವಸೂಲಾಗುತ್ತದೆ, ಖಾಲಿ ಮಳಿಗೆಗಳೆಲ್ಲ ಹರಾಜಾಗುತ್ತವೆ ಅಂತ ಬರೆದರೆ ‘ಉಳಿತಾಯ ಬಜೆಟ್’ ತಯಾರು. ಅಂಥವನ್ನು ನಾನೂ ಟೈಪ್ ಮಾಡಿಸಿದ್ದೇನೆ. ವಸೂಲಿ ಅರ್ಧಕ್ಕೆ ನಿಂತಾಗ ಮೊದಲು ಬೀಳುವುದು ಚರಂಡಿಯೇ, ಸಂಬಳ ನಿಲ್ಲಿಸೋಕಾಗತ್ತಾ?

ಪ್ರತಿಕ್ರಿಯೆ (ಇನ್ನೊಬ್ಬ ಓದುಗರಿಂದ): ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೂ ವರ್ಷ ವರ್ಷ ಬಜೆಟ್ ಆಯ್ತಲ್ಲ, ಯಾರು ಪಾಸು ಮಾಡಿದ್ದು?

ಉತ್ತರ: ಆಡಳಿತಾಧಿಕಾರಿ. ಸಭೆ ಇಲ್ಲದಾಗ ಅದರ ಅಧಿಕಾರ ಸರ್ಕಾರ ನೇಮಿಸಿದ ಅಧಿಕಾರಿಗೆ ಹೋಗುತ್ತದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಯು ವಿಧಿ ಹೇಳುತ್ತದೆ, ಓದಿಕೊಳ್ಳಲು ಚೆನ್ನಾಗಿದೆ.

ಪ್ರಶ್ನೆ (ಮೊದಲಿನ ಸದಸ್ಯೆ): ಹಾಗಾದರೆ ಈಗ ನಾನೇನು ಮಾಡಲಿ ಸರ್?

ಉತ್ತರ: ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಜಮಾ-ಖರ್ಚಿನ ವಿಷಯ ಬರುತ್ತದೆ. ‘ಓದಿದೆ ಎಂದು ಭಾವಿಸಿ’ ಅನ್ನಲು ಬಿಡಬೇಡಿ. ಆರಂಭಿಕ ಶಿಲ್ಕು (ಹಿಂದಿನಿಂದ ಉಳಿದು ಬಂದ ಹಣ) ಎಷ್ಟು, ಸ್ವಂತ ನಿಧಿಗೆ ಬಂದದ್ದೆಷ್ಟು, ಹೋದದ್ದು ಯಾವುದಕ್ಕೆ ಅಂತ ಕೇಳಿ ನಡಾವಳಿಯಲ್ಲಿ ಬರೆಸಿ. ಘಟನೋತ್ತರ ಮಂಜೂರಾತಿಗೆ, ಅಂದರೆ ಖರ್ಚು ಮಾಡಿದ ಮೇಲೆ ಒಪ್ಪಿಗೆ ಕೇಳಿ ಬಂದ ಬಿಲ್ಲುಗಳಿಗೆ ಕಣ್ಣುಮುಚ್ಚಿ ಕೈ ಎತ್ತಬೇಡಿ. ನಿಮ್ಮ 8 ಲಕ್ಷ ಅಲ್ಲಿ ಬೇರೆ ಹೆಸರಲ್ಲಿ ಸಿಕ್ಕರೂ ಸಿಗಬಹುದು. ಹಣ ಇದೆ ಅಂತಾದರೆ ಚರಂಡಿಯನ್ನು ಪೂರಕ ಕ್ರಿಯಾ ಯೋಜನೆಗೆ ಸೇರಿಸಲು ಪೌರಾಯುಕ್ತರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇದೇ ತಿಂಗಳು ಕೊಡಿ. ಜನವರಿ ದಾಟಿದರೆ ‘ಮುಂದಿನ ಬಜೆಟ್‌ಗೆ ನೋಡೋಣ’ ಅಂತಾರೆ.