ಮೂರನೆಯ ತರಗತಿಯಿಂದ ಇಂಗ್ಲಿಷ್: ಇಂಡೋನೇಷ್ಯಾದ ಅನುಭವ ನಮಗೆ ಏನು ಹೇಳುತ್ತದೆ?

ಪ್ರಶ್ನೆ: ಜಗಳೂರು ತಾಲ್ಲೂಕಿನ ಶಿಕ್ಷಕಿ

ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಬೋಧಿಸುತ್ತೇನೆ. ಇಂಡೋನೇಷ್ಯಾದಲ್ಲಿ 2027-28ನೇ ಸಾಲಿನಿಂದ ಮೂರನೆಯ ತರಗತಿಗೇ ಇಂಗ್ಲಿಷನ್ನು ಕಡ್ಡಾಯಗೊಳಿಸುವ ನಿರ್ಧಾರವಾಗಿದೆ ಎಂದು ಓದಿದೆ. ನಮ್ಮ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೆಯ ತರಗತಿಯಲ್ಲಿ ಇಂಗ್ಲಿಷ್ ಇದೆ. ಆದರೂ ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಹಲವರು ಬೋರ್ಡಿನ ಮೇಲಿರುವ ವಾಕ್ಯವನ್ನು ದುಂಡಾದ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆಯೇ ಹೊರತು, ಅದೇ ವಾಕ್ಯದಲ್ಲಿ ತಮ್ಮ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಇಟ್ಟು ಹೇಳಿ ಎಂದರೆ ಸುಮ್ಮನಾಗುತ್ತಾರೆ. ಬೇಗ ಆರಂಭಿಸುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಅಲ್ಲಿಯ ಶಾಲೆಗಳನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಚಿತ್ರದುರ್ಗ ಮೂಲದ ಉಪನ್ಯಾಸಕ, ಕೆಲಕಾಲ ಇಂಡೋನೇಷ್ಯಾದ ಸುರಬಾಯ ನಗರದಲ್ಲಿದ್ದವರು

ಮೇಡಂ, ಆ ದೇಶಕ್ಕೆ ಇದು ಹೊಸ ಪ್ರಯೋಗವೇನಲ್ಲ. 1994ರ ಪಠ್ಯಕ್ರಮದಲ್ಲಿ ನಾಲ್ಕನೆಯ ತರಗತಿಯಿಂದ ಇಂಗ್ಲಿಷನ್ನು ಸ್ಥಳೀಯ ಐಚ್ಛಿಕ ವಿಷಯವಾಗಿ ಕಲಿಸಲು ಅವಕಾಶ ಕೊಟ್ಟರು. 2013ರ ಪಠ್ಯಕ್ರಮ ಬಂದಾಗ ಪ್ರಾಥಮಿಕ ಶಾಲೆಯಲ್ಲಿ ಅದಕ್ಕಿದ್ದ ಸ್ಥಾನ ತಪ್ಪಿತು. 2022ರ 'ಮೆರ್ದೆಕಾ' ಪಠ್ಯಕ್ರಮದಲ್ಲಿ ಮತ್ತೆ ಐಚ್ಛಿಕವಾಗಿ ಬಂದಿತು. ಹೀಗೆ ವಿಷಯವೇ ಬಂದು ಹೋಗುತ್ತಿದ್ದರೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸಬಲ್ಲ ಶಿಕ್ಷಕರ ಪಡೆ ಬೆಳೆಯುವುದಾದರೂ ಹೇಗೆ? ಈಗ ಆ ಭಾರ ಬಹುಮಟ್ಟಿಗೆ ಎಲ್ಲ ವಿಷಯಗಳನ್ನೂ ಒಬ್ಬರೇ ಬೋಧಿಸುವ ತರಗತಿ ಶಿಕ್ಷಕರ ಮೇಲೆ ಬೀಳಲಿದೆ. ಅವರಲ್ಲಿ ಅನೇಕರು ನಮ್ಮ ಅತಿಥಿ ಶಿಕ್ಷಕರಂತೆ ಕಡಿಮೆ ಸಂಭಾವನೆಗೆ ದುಡಿಯುವ 'ಹೊನೊರೆರ್' ಶಿಕ್ಷಕರು.

ಅಲ್ಲಿಯ ಮಗುವಿಗೆ ಒಂದು ಅನುಕೂಲವಿದೆ, ಅದೇ ಒಂದು ತೊಡಕೂ ಹೌದು. ಇಂಡೋನೇಷ್ಯಾ ಭಾಷೆಯನ್ನು ರೋಮನ್ ಅಕ್ಷರಗಳಲ್ಲೇ ಬರೆಯುವುದರಿಂದ ಎ, ಬಿ, ಸಿ, ಡಿ ತಿದ್ದಿಸುವ ಕೆಲಸ ಶಿಕ್ಷಕರಿಗಿಲ್ಲ. ಆದರೆ ಆ ಭಾಷೆಯಲ್ಲಿ ಬರೆದಂತೆ ಓದುವುದು ರೂಢಿ, 'ಸಿ' ಅಕ್ಷರಕ್ಕೆ 'ಚ' ಎಂಬ ಉಚ್ಚಾರ. ಹೀಗಾಗಿ ಮಗು 'ಕ್ಯಾಟ್' ಎಂಬ ಪದವನ್ನು 'ಚಾತ್' ಎಂದೂ, 'ಟೈಮ್' ಎಂಬುದನ್ನು 'ತಿಮೆ' ಎಂದೂ ಧೈರ್ಯವಾಗಿ ಓದಿಬಿಡುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಪಾಠವಾಗಬೇಕು. ಶಿಕ್ಷಕರ ಬಾಯಲ್ಲೇ ಇಂಗ್ಲಿಷ್ ಆಡದಿದ್ದರೆ ಅದು ಆಗುವ ಮಾತಲ್ಲ.

ಶಾಲೆಯಲ್ಲಿ ಸಿಗದ ಮಾತಿನ ಅಭ್ಯಾಸವನ್ನು ಜನ ಹೊರಗೆ ಹುಡುಕಿಕೊಂಡಿದ್ದಾರೆ. ಪೂರ್ವ ಜಾವಾದ ಕೆದಿರಿ ಜಿಲ್ಲೆಯ ಪಾರೆಯಲ್ಲಿ ಕಲೆಂದ್ ಒಸೆನ್ ಎಂಬವರು 1977ರಲ್ಲಿ ಒಂದು ಚಿಕ್ಕ ಇಂಗ್ಲಿಷ್ ತರಗತಿ ಆರಂಭಿಸಿದರು. ಇಂದು ಆ ಪ್ರದೇಶಕ್ಕೆ 'ಇಂಗ್ಲಿಷ್ ಹಳ್ಳಿ' ಎಂದೇ ಹೆಸರು. ನಮ್ಮ ಹುಡುಗರು ಕೋಚಿಂಗಿಗೆಂದು ದಾವಣಗೆರೆಯಲ್ಲಿ ರೂಮು ಮಾಡುವಂತೆ ಅಲ್ಲಿಯವರು ಪಾರೆಗೆ ಬಂದು ಉಳಿಯುತ್ತಾರೆ. ಕೆಲವು ವಸತಿಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಹಣವಿದ್ದವರಿಗೆ ಇದು ಸರಿ, ಬಡವರ ಮಕ್ಕಳ ಗತಿಯೇನು ಎಂಬುದು ಬೇರೆ ಪ್ರಶ್ನೆ.

ಉತ್ತರ 2: ಚಳ್ಳಕೆರೆಯ ನಿವೃತ್ತ ಮುಖ್ಯ ಶಿಕ್ಷಕ

ಆ ಬೇರೆ ಪ್ರಶ್ನೆಯೇ ಮುಖ್ಯವಾದುದು, ಸರ್. ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ 'ಅಂತರರಾಷ್ಟ್ರೀಯ ಮಟ್ಟದ' ಸರ್ಕಾರಿ ಶಾಲೆಗಳ ಯೋಜನೆಯನ್ನು ಇಂಡೋನೇಷ್ಯಾದ ಸಾಂವಿಧಾನಿಕ ನ್ಯಾಯಾಲಯವು 2013ರ ಜನವರಿಯಲ್ಲಿ ರದ್ದುಪಡಿಸಿತು. ಉಳ್ಳವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ನಡುವೆ ಅದು ಗೋಡೆ ಕಟ್ಟುತ್ತದೆ ಎಂಬುದು ಒಂದು ಮುಖ್ಯ ಕಾರಣವಾಗಿತ್ತು. ಮರುವರ್ಷವೇ, 2014ರ ಮೇ ತಿಂಗಳಲ್ಲಿ, ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ರಾಜ್ಯಕ್ಕಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಉಳಿಯಿತು, ಇಲ್ಲಿ ಪೋಷಕರೆಲ್ಲ ಇಂಗ್ಲಿಷ್ ಮಾಧ್ಯಮದ ಹಿಂದೆ ಓಡಿದರು. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಮಾತು ನಮ್ಮ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸಭೆಗಳಲ್ಲಿ ಏಳುವುದೇ ಅಪರೂಪ.

ಮೇಡಂ, ತಾವು ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ, ಯಾವ ತರಗತಿಯಿಂದ ಎಂಬುದಕ್ಕಿಂತ ಯಾರು, ವಾರಕ್ಕೆ ಎಷ್ಟು ಹೊತ್ತು ಮಾತಾಡಿಸುತ್ತಾರೆ ಎಂಬುದನ್ನು ನೋಡಬೇಕು. ಎಂಟನೆಯ ತರಗತಿಯೂ ತಡವಲ್ಲ. ಪಠ್ಯದ ವಾಕ್ಯವೊಂದನ್ನು ತೆಗೆದುಕೊಂಡು, ಪುಸ್ತಕ ಮುಚ್ಚಿಸಿ, ಪ್ರತಿ ಮಗುವೂ ಅದರಲ್ಲಿ ಒಂದೇ ಪದ ಬದಲಿಸಿ ಪಕ್ಕದವರಿಗೆ ಹೇಳುವಂತೆ ಮಾಡಿ. ಗದ್ದಲವಾಗುತ್ತದೆ, ಆಗಲಿ.

ಮರುನುಡಿ: ಜಗಳೂರು ತಾಲ್ಲೂಕಿನ ಶಿಕ್ಷಕಿ

ಇಬ್ಬರಿಗೂ ವಂದನೆಗಳು. ಪದ ಬದಲಿಸಿ ಹೇಳಿಸುವ ಕ್ರಮವನ್ನು ಸೋಮವಾರದಿಂದಲೇ ಆರಂಭಿಸುತ್ತೇನೆ. ಆದರೆ ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆ ಬರವಣಿಗೆಯನ್ನಷ್ಟೇ ಅಳೆಯುತ್ತಿರುವಾಗ, ಹತ್ತನೆಯ ತರಗತಿಯಲ್ಲಿ ಇದಕ್ಕೆ ಅವಧಿಯನ್ನು ಎಲ್ಲಿಂದ ಹೊಂದಿಸುವುದು ಎಂಬುದನ್ನೂ ಹಿರಿಯರು ತಿಳಿಸಬೇಕು.